ಸೋತ ಮೇಲೆ ಸಿಕ್ಕ ಮಾತು

2018ರ ನವೆಂಬರ್ 7. ಅಮೆರಿಕದ ಮಧ್ಯಂತರ ಚುನಾವಣೆಯ ಮಾರನೇ ದಿನ. ಅಧ್ಯಕ್ಷ ಡೊನಾಲ್ಡ್ ಟ್ರಂಪ್ ಶ್ವೇತಭವನದಲ್ಲಿ ಪತ್ರಿಕಾಗೋಷ್ಠಿ ಕರೆದಿದ್ದರು. ಸಂಸತ್ತಿನ ಕೆಳಮನೆ ಅವರ ರಿಪಬ್ಲಿಕನ್ ಪಕ್ಷದ ಕೈತಪ್ಪಿತ್ತು. ತಮ್ಮಿಂದ ದೂರ ಉಳಿದು ಸೋತ ಸ್ವಪಕ್ಷದವರ ಹೆಸರುಗಳನ್ನು ಟ್ರಂಪ್ ಒಂದೊಂದಾಗಿ ಹೇಳುತ್ತಾ ಹೋದರು. ನಡುವೆ ಯೂಟಾ ರಾಜ್ಯದ ಸಂಸದೆ ಮಿಯಾ ಲವ್ ಅವರ ಹೆಸರು ಬಂತು. ವೆನೆಜುವೆಲಾದ ಜೈಲಿನಲ್ಲಿದ್ದವನನ್ನು ಬಿಡಿಸಿ ಅಂತ ಆಕೆ ನನಗೆ ಯಾವಾಗಲೂ ಫೋನ್ ಮಾಡುತ್ತಿದ್ದಳು, ಆದರೆ ಮಿಯಾ ಲವ್ ನನಗೆ ಲವ್ ಕೊಡಲಿಲ್ಲ, ಸೋತಳು, ಸಾರಿ ಮಿಯಾ ಅಂದರು.

ಹೆಸರಿನ ಮೇಲೆ ಒಂದು ಕುಚೋದ್ಯ, ಅಷ್ಟೇ. ಆದರೆ ಅವತ್ತು ಮಿಯಾ ಇನ್ನೂ ಸೋತಿರಲಿಲ್ಲ. ಹಿಂದೆ ಬಿದ್ದಿದ್ದರು ನಿಜ, ಆದರೆ ಯೂಟಾದಲ್ಲಿ ಅಂಚೆ ಮತಗಳೇ ಜಾಸ್ತಿ, ಎಣಿಕೆ ನಡೆದೇ ಇತ್ತು. ತಮ್ಮದೇ ಪಕ್ಷದ ಅಧ್ಯಕ್ಷರು ಎಣಿಕೆ ಮುಗಿಯುವ ಮೊದಲೇ ಆಕೆಯನ್ನು ಸೋತವರ ಪಟ್ಟಿಗೆ ಸೇರಿಸಿ ನಕ್ಕುಬಿಟ್ಟಿದ್ದರು.

ನಾನು ಈ ಪ್ರಕರಣ ಆರಿಸಿಕೊಂಡಿದ್ದು ಒಂದು ಪ್ರಶ್ನೆಯ ಬೆನ್ನು ಹತ್ತಿ. ಅಮೆರಿಕದಲ್ಲಿ ವಯಸ್ಸಿನ್ನೂ ಚಿಕ್ಕದು, ಕಪ್ಪು ಜನಾಂಗದವಳು, ಹೆಣ್ಣು, ಅದರ ಮೇಲೆ ಕನ್ಸರ್ವೇಟಿವ್ ಅಂದರೆ, ಅಂಥವಳು ತನ್ನ ಮಾತನ್ನು ತಾನೇ ಹೇಳಿಕೊಳ್ಳಬೇಕು ಅಂತ ಯಾಕೆ ಹಟ ಹಿಡಿಯುತ್ತಾಳೆ? ಪಕ್ಷವಿದೆ, ಟಿವಿ ಇದೆ, ಅವಳ ಪರವಾಗಿ ಮಾತಾಡಲು ಬೇಕಾದಷ್ಟು ಜನರಿದ್ದಾರೆ. ಸಾಲದಾ? ಸಾಲದು ಅನ್ನೋದಕ್ಕೆ ಮಿಯಾ ಅವರ ಬದುಕಿನ ಆ ಮೂರು ವಾರಗಳಿಗಿಂತ ಒಳ್ಳೆಯ ಸಾಕ್ಷಿ ನನಗೆ ಸಿಕ್ಕಿಲ್ಲ.

ಮೊದಲು ಹಿನ್ನೆಲೆ. ಅಧ್ಯಕ್ಷರ ಚುನಾವಣೆಗಳಲ್ಲಿ ಕಪ್ಪು ಮಹಿಳೆಯರಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಮಂದಿ ಡೆಮಾಕ್ರಟಿಕ್ ಪಕ್ಷಕ್ಕೇ ಮತ ಹಾಕುತ್ತಾ ಬಂದಿದ್ದಾರೆ. ಗುಲಾಮಗಿರಿ ಕೊನೆಗಾಣಿಸಿದ ಲಿಂಕನ್ ರಿಪಬ್ಲಿಕನ್ ಪಕ್ಷದವರು. ಹಾಗಾಗಿ ಎಷ್ಟೋ ದಶಕ ಕಪ್ಪು ಜನರ ಮತ ಆ ಪಕ್ಷಕ್ಕೇ ಇತ್ತು. 1930ರ ದಶಕದ ಆರ್ಥಿಕ ಕುಸಿತದಲ್ಲಿ ಡೆಮಾಕ್ರಟಿಕ್ ಅಧ್ಯಕ್ಷ ರೂಸ್‌ವೆಲ್ಟ್ ಕಡೆ ತಿರುಗಿತು. 1964ರಲ್ಲಿ ನಾಗರಿಕ ಹಕ್ಕು ಕಾಯ್ದೆಗೆ ವಿರುದ್ಧ ಮತ ಹಾಕಿದ ಗೋಲ್ಡ್‌ವಾಟರ್ ಅವರನ್ನೇ ರಿಪಬ್ಲಿಕನ್ನರು ಅಧ್ಯಕ್ಷ ಸ್ಥಾನಕ್ಕೆ ನಿಲ್ಲಿಸಿದರು. ಅಲ್ಲಿಗೆ ಋಣ ಹರಿಯಿತು. ಆದರೂ ಕಪ್ಪು ಜನರಲ್ಲಿ ಕನ್ಸರ್ವೇಟಿವ್ ಮನಸ್ಸು ಯಾವತ್ತೂ ಇಲ್ಲವಾಗಿಲ್ಲ. ಚರ್ಚು, ಸಂಸಾರ, ಸ್ವಂತ ದುಡಿಮೆ, ಸರ್ಕಾರದ ಮುಂದೆ ಕೈಚಾಚಬಾರದೆಂಬ ಸ್ವಾಭಿಮಾನ, ಇವೆಲ್ಲ ಎಷ್ಟೋ ಕಪ್ಪು ಕುಟುಂಬಗಳ ದಿನನಿತ್ಯದ ಮಾತು. ಇಷ್ಟೆಲ್ಲ ನಂಬಿಯೂ ಮತ ಡೆಮಾಕ್ರಟರಿಗೇ ಹಾಕುವವರು ಬೇಕಾದಷ್ಟು ಜನ. ಮಿಯಾ ಆ ಗೆರೆ ದಾಟಿದರು.

ಹುಟ್ಟಿದ್ದು 1975ರ ಡಿಸೆಂಬರ್ 6, ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ. ಹುಟ್ಟುಹೆಸರು ಲುಡ್ಮ್ಯಾ ಬೋರ್ಡೊ. ಅಪ್ಪ ಅಮ್ಮ ಹೈಟಿಯಿಂದ ಬಂದವರು. ಮುಂದೆ ಕುಟುಂಬ ಕನೆಕ್ಟಿಕಟ್‌ನ ನಾರ್‌ವಾಕ್‌ಗೆ ಹೋಯಿತು. ಕ್ಯಾಥೊಲಿಕ್ ಮನೆ. ಕಾಲೇಜಿನಲ್ಲಿ ಕಲಿತದ್ದು ಸಂಗೀತ ನಾಟಕ. ಕೆಲಕಾಲ ವಿಮಾನದಲ್ಲಿ ಗಗನಸಖಿಯ ಕೆಲಸ. ಆಮೇಲೆ ಯೂಟಾದಲ್ಲಿ ಬೇರೂರಿದ ಕ್ರೈಸ್ತ ಪಂಥವಾದ ಮಾರ್ಮನ್ ಚರ್ಚು ಸೇರಿ, ಯೂಟಾಕ್ಕೆ ಬಂದು, ಜೇಸನ್ ಲವ್ ಅವರನ್ನು ಮದುವೆಯಾದರು. ಮೂವರು ಮಕ್ಕಳು.

ಮಾರ್ಮನ್ ಚರ್ಚು ಅಂದಾಗ ಸ್ವಲ್ಪ ನಿಲ್ಲಬೇಕು. 1978ರ ಜೂನ್‌ವರೆಗೆ ಆ ಚರ್ಚು ಕಪ್ಪು ಗಂಡಸರಿಗೆ ಪೌರೋಹಿತ್ಯದ ಹಕ್ಕೇ ಕೊಟ್ಟಿರಲಿಲ್ಲ. ಕಪ್ಪು ಹೆಂಗಸರಿಗೂ ದೇವಾಲಯದ ಮುಖ್ಯ ವಿಧಿಗಳು ಇರಲಿಲ್ಲ. ಆ ನಿಯಮ ಹೋದಾಗ ಮಿಯಾಗೆ ಎರಡೂವರೆ ವರ್ಷ. ಕಪ್ಪು ಜನ ನೂರಕ್ಕೆ ಒಬ್ಬರು ಸಿಗುವುದೂ ಕಷ್ಟವಾದ ರಾಜ್ಯದಲ್ಲಿ, ತನ್ನಂಥವರನ್ನು ನಿನ್ನೆ ಮೊನ್ನೆಯವರೆಗೆ ಹೊಸಿಲ ಆಚೆ ನಿಲ್ಲಿಸಿದ್ದ ಚರ್ಚನ್ನು ತಾನಾಗೇ ಹೋಗಿ ಸೇರಿದ ಹೆಣ್ಣು. ಇದನ್ನು ಮೂರ್ಖತನ ಅನ್ನುವವರಿದ್ದರು, ಧೈರ್ಯ ಅನ್ನುವವರೂ ಇದ್ದರು. ಎರಡು ಕಡೆಯವರೂ ಹೇಳಿದ್ದು ತಂತಮ್ಮ ಅಭಿಪ್ರಾಯವನ್ನೇ.

ಮಿಯಾ ರಾಜಕೀಯಕ್ಕೆ ಬಂದ ಕಾರಣ ನನಗೆ ತುಂಬಾ ಇಷ್ಟ. ನುಸಿ! ಸಾರಟೋಗಾ ಸ್ಪ್ರಿಂಗ್ಸ್ ಅನ್ನುವ ಊರು ಯೂಟಾ ಸರೋವರದ ದಂಡೆಯ ಮೇಲಿದೆ. 2000ನೇ ಇಸವಿಯಲ್ಲಿ ಅಲ್ಲಿ ಸಾವಿರ ಚಿಲ್ಲರೆ ಜನ, ಹತ್ತು ವರ್ಷದಲ್ಲಿ ಹದಿನೇಳು ಸಾವಿರ ದಾಟಿತು. ಹೊಲ ಇದ್ದಲ್ಲೆಲ್ಲ ಬಡಾವಣೆ. ಸರೋವರದ ನುಸಿ ಮೋಡದ ಹಾಗೆ ಬಂದು ಹೊಸ ಮನೆಗಳನ್ನು ಮುತ್ತುತ್ತಿತ್ತು. ಬಡಾವಣೆ ಕಟ್ಟಿದ ಬಿಲ್ಡರ್ ಔಷಧಿ ಹೊಡೆಸಬೇಕು ಅಂತ ಅಕ್ಕಪಕ್ಕದವರು ಪಟ್ಟು ಹಿಡಿದರು. ಅವರ ಪರವಾಗಿ ಮಾತಾಡಲು ಮುಂದೆ ಬಂದ ಹೆಂಗಸು ಮಿಯಾ. 2003ರಲ್ಲಿ ನಗರಸಭೆಗೆ ಆಯ್ಕೆಯಾದರು. 2010ರಲ್ಲಿ ಮೇಯರ್ ಆದರು. ಯೂಟಾದಲ್ಲಿ ಕಪ್ಪು ಮಹಿಳೆಯೊಬ್ಬರು ಮೇಯರ್ ಆಗಿದ್ದು ಅದೇ ಮೊದಲು. ಆಗ ಅವರಿಗೆ ಮೂವತ್ನಾಲ್ಕು.

ನುಸಿ, ರಸ್ತೆ, ತೆರಿಗೆ. ಇಲ್ಲಿಯವರೆಗೆ ಆಕೆಯನ್ನು ಯಾರೂ ಯಾವುದರ ಗುರುತಾಗಿಯೂ ನೋಡಿರಲಿಲ್ಲ. ಆಕೆ ಆಡಿದ ಮಾತು ಆಕೆಯದೇ ಆಗಿತ್ತು.

2012ರಲ್ಲಿ ಎಲ್ಲ ಬದಲಾಯಿತು. ಯೂಟಾಕ್ಕೆ ಹೊಸದಾಗಿ ನಾಲ್ಕನೇ ಕ್ಷೇತ್ರ ಬಂದಿತ್ತು. ಏಪ್ರಿಲ್‌ನಲ್ಲಿ ಪಕ್ಷದ ರಾಜ್ಯ ಸಮಾವೇಶದಲ್ಲಿ ನೂರಕ್ಕೆ 70ರಷ್ಟು ಮತ ಪಡೆದು ಮಿಯಾ ಟಿಕೆಟ್ ಗೆದ್ದರು. ಬಿಳಿಯರೇ ತುಂಬಿದ ಪಕ್ಷಕ್ಕೆ ಒಬ್ಬ ಯುವ ಕಪ್ಪು ಮಹಿಳೆ ಸಿಕ್ಕರೆ ಬಿಡುತ್ತಾರಾ? ಆಗಸ್ಟ್ 28ರಂದು ಫ್ಲಾರಿಡಾದ ಟ್ಯಾಂಪಾದಲ್ಲಿ ನಡೆದ ರಾಷ್ಟ್ರೀಯ ಸಮಾವೇಶದ ವೇದಿಕೆಗೆ ಹತ್ತಿಸಿದರು. ಅಪ್ಪ ಅಮ್ಮ ಜೇಬಲ್ಲಿ ಹತ್ತು ಡಾಲರ್ ಇಟ್ಟುಕೊಂಡು ಈ ದೇಶಕ್ಕೆ ಬಂದರು ಅಂತ ಮಿಯಾ ಹೇಳಿದರು. ಅಪ್ಪನ ಮಾತೊಂದನ್ನೂ ಆಕೆ ಹೋದಲ್ಲೆಲ್ಲ ಹೇಳುತ್ತಿದ್ದರು. ಕಾಲೇಜಿಗೆ ಸೇರಿಸಿದ ದಿನ ಅಪ್ಪ ಹೇಳಿದ್ದರಂತೆ: ನಾನೂ ನಿನ್ನ ಅಮ್ಮನೂ ಯಾರ ಹತ್ತಿರವೂ ಪುಕ್ಕಟೆ ತಗೊಂಡವರಲ್ಲ, ನೀನೂ ಸಮಾಜಕ್ಕೆ ಹೊರೆಯಾಗಬೇಡ, ತಿರುಗಿ ಕೊಡು.

ಸಭಾಂಗಣ ಎದ್ದು ನಿಂತು ಚಪ್ಪಾಳೆ ಹೊಡೆಯಿತು. ಅದೇ ಹೊತ್ತಿಗೆ ವಿಕಿಪೀಡಿಯಾದಲ್ಲಿ ಆಕೆಯ ಪುಟವನ್ನು ಯಾರೋ ತಿದ್ದಿದರು. ಅಲ್ಲಿ ಬರೆದದ್ದರಲ್ಲಿ ಅರ್ಧವನ್ನು ಇಲ್ಲಿ ಬರೆಯಲಾಗದು. ಉಳಿದರ್ಧದ ಅರ್ಥ ಇಷ್ಟು: ಯಜಮಾನನ ಮನೆಯೊಳಗಿನ ಗುಲಾಮಳು. ಅಮೆರಿಕದ ತೋಟಗಳಲ್ಲಿ ಹೊಲದಲ್ಲಿ ದುಡಿಯುವ ಗುಲಾಮರು ಬೇರೆ, ದೊಡ್ಡ ಮನೆಯೊಳಗೆ ಅಡಿಗೆ, ಚಾಕರಿಗೆ ಇದ್ದವರು ಬೇರೆ. ಒಳಗಿದ್ದವನು ಧಣಿಯ ಎಂಜಲು ತಿಂದು ಧಣಿಯ ಮಾತಾಡುತ್ತಾನೆ ಅನ್ನುವುದು ಆ ಬೈಗುಳದ ವಿಷ. ಪುಟವನ್ನು ಬೇಗನೇ ಸರಿ ಮಾಡಿದರು. ಆದರೆ ಆ ರಾತ್ರಿಯ ಮಟ್ಟಿಗೆ, ಮಿಯಾ ಲವ್ ಯಾರು ಅಂತ ಹುಡುಕಿದವರಿಗೆ ಉತ್ತರ ಕೊಟ್ಟವನು ಹೆಸರಿಲ್ಲದ ಯಾವನೋ ಒಬ್ಬ. ಇದು ನೆನಪಿರಲಿ. ಆ 'ಮನೆ' ಅನ್ನುವ ಪದ ಆರು ವರ್ಷದ ನಂತರ ಮತ್ತೆ ಬರುತ್ತದೆ, ಆಗ ಆಕೆಯದೇ ಬಾಯಲ್ಲಿ.

ಆ ಸಲ 768 ಮತಗಳಿಂದ ಸೋತರು. 2014ರಲ್ಲಿ ಗೆದ್ದರು. ರಿಪಬ್ಲಿಕನ್ ಪಕ್ಷದಿಂದ ಸಂಸತ್ತಿಗೆ ಹೋದ ಮೊದಲ ಕಪ್ಪು ಮಹಿಳೆ, ಹೈಟಿ ಮೂಲದ ಮೊದಲ ಸದಸ್ಯೆ. ಎಲ್ಲ ಸುದ್ದಿಯಲ್ಲೂ 'ಮೊದಲ' ಅನ್ನುವುದೇ ತಲೆಬರಹ. ಈ 'ಮೊದಲ' ಅನ್ನುವ ಪಟ್ಟ ಒಂಥರಾ ರೇಷ್ಮೆ ಶಾಲು. ಹೊದಿಸಿ ಫೋಟೊ ತೆಗೆಸಿಕೊಂಡ ಮೇಲೆ ಆ ಮನುಷ್ಯ ಏನಂದ ಅಂತ ಯಾರೂ ಕೇಳುವುದಿಲ್ಲ.

ಆಕೆಯ ತಪ್ಪುಗಳನ್ನೂ ಹೇಳಿಬಿಡೋಣ, ಇಲ್ಲದಿದ್ದರೆ ಇದು ಪ್ರಕರಣ ಅಧ್ಯಯನ ಆಗದೆ ಅಭಿನಂದನಾ ಪತ್ರ ಆದೀತು. 2012ರಲ್ಲಿ ಆಕೆ, ಸಂಸತ್ತಿನ ಕಪ್ಪು ಸದಸ್ಯರ ಕೂಟವನ್ನು ಸೇರಿ ಅದನ್ನು ಒಳಗಿಂದಲೇ ಬಿಚ್ಚಿ ಹಾಕುತ್ತೇನೆ ಅಂದಿದ್ದರು. ಕೇಳಲು ಖಾರವಾಗಿತ್ತು, ಪಕ್ಷದವರಿಗೆ ಹಬ್ಬ. 2015ರಲ್ಲಿ ಅದೇ ಕೂಟಕ್ಕೆ ಸೇರಿದಾಗ ಅಲ್ಲಿದ್ದವರು ಹೇಗೆ ನೋಡಿರಬೇಡ? ಆ ಮಾತು ನಿಜವಾಗಿ ಮಿಯಾ ಅವರದಾ, ಚಪ್ಪಾಳೆಗಾಗಿ ಬಾಯಿಗೆ ಬಂದದ್ದಾ? ನನಗನ್ನಿಸುವಂತೆ ಎರಡನೆಯದು. ನಮ್ಮ ಮಾತನ್ನು ಕೇಳುವ ಜನ ಒಂದೇ ಥರದವರಾದರೆ ನಾಲಿಗೆ ತಾನಾಗೇ ಆ ಕಡೆ ವಾಲುತ್ತದೆ.

ಸಂಸತ್ತಿನಲ್ಲಿ ಆಕೆ ಬಹುಪಾಲು ಪಕ್ಷದ ಜೊತೆಗೇ ಮತ ಹಾಕಿದರು. 2017ರ ತೆರಿಗೆ ಕಡಿತಕ್ಕೂ ಹೌದು, ಒಬಾಮಾ ಕಾಲದ ಆರೋಗ್ಯ ವಿಮೆ ಕಾಯ್ದೆ ತೆಗೆಯುವ ಮಸೂದೆಗೂ ಹೌದು. ಟ್ರಂಪ್ ವಿಷಯದಲ್ಲಿ ಮಾತ್ರ ಅಂತರ ಇತ್ತು. 2016ರ ಅಕ್ಟೋಬರ್‌ನಲ್ಲಿ ಹೆಂಗಸರ ಬಗ್ಗೆ ಟ್ರಂಪ್ ಆಡಿದ ಹೊಲಸು ಮಾತಿನ ಟೇಪು ಹೊರಬಂದಾಗ, ಇವರಿಗೆ ನನ್ನ ಮತ ಇಲ್ಲ ಅಂದರು.

ಆಮೇಲೆ ಬಂತು 2018ರ ಜನವರಿ 11. ಶ್ವೇತಭವನದೊಳಗಿನ ಸಭೆಯಲ್ಲಿ ಹೈಟಿ ಮತ್ತು ಆಫ್ರಿಕಾದ ದೇಶಗಳ ಬಗ್ಗೆ ಟ್ರಂಪ್ ಅಸಹ್ಯದ ಪದ ಬಳಸಿ, ಅಲ್ಲಿಯ ಜನ ನಮಗ್ಯಾಕೆ ಅಂದರು ಅಂತ ಸುದ್ದಿಯಾಯಿತು. ಆ ಪದ ಬಳಸಿಲ್ಲ ಅಂತ ಟ್ರಂಪ್ ಹೇಳಿದರು. ಮಾರನೇ ದಿನ, ಜನವರಿ 12, ಹೈಟಿಯ ಭೂಕಂಪಕ್ಕೆ ಎಂಟು ವರ್ಷ. 2010ರ ಆ ಭೂಕಂಪದಲ್ಲಿ ಲಕ್ಷಕ್ಕೂ ಹೆಚ್ಚು ಜನ ಸತ್ತಿದ್ದರು. ಮಿಯಾ ತಕ್ಷಣ ಹೇಳಿಕೆ ಕೊಟ್ಟರು. ಇದು ದಯೆಯಿಲ್ಲದ ಮಾತು, ಒಡೆಯುವ ಮಾತು, ಅಧ್ಯಕ್ಷರು ಕ್ಷಮೆ ಕೇಳಬೇಕು ಅಂದರು. ತನ್ನ ಅಪ್ಪ ಅಮ್ಮ ಆ ದೇಶದವರೇ, ಅವರು ಈ ದೇಶದಿಂದ ಏನನ್ನೂ ಕಿತ್ತುಕೊಳ್ಳದೆ ದುಡಿದವರು ಅಂತಲೂ ಸೇರಿಸಿದರು. ಟ್ಯಾಂಪಾದ ವೇದಿಕೆಯಲ್ಲಿ ಪಕ್ಷ ಚಪ್ಪಾಳೆ ತಟ್ಟಿದ್ದೂ ಅದೇ ಅಪ್ಪ ಅಮ್ಮನ ಕಥೆಗೆ. ಕಥೆ ಒಂದೇ. ಮೊದಲ ಸಲ ಅದು ಪಕ್ಷಕ್ಕೆ ಬೇಕಾಗಿತ್ತು, ಎರಡನೇ ಸಲ ಮುಜುಗರ ಆಯಿತು.

ಇನ್ನು ವೆನೆಜುವೆಲಾ ಫೋನಿನ ವಿಷಯ. ಜೋಶುವಾ ಹೋಲ್ಟ್ ಅನ್ನುವ ಯೂಟಾದ ಯುವಕ ಮದುವೆಗೆಂದು ಅಲ್ಲಿಗೆ ಹೋಗಿ, ಸುಮಾರು ಎರಡು ವರ್ಷ ಜೈಲಿನಲ್ಲಿದ್ದ. 2018ರ ಮೇ ತಿಂಗಳಲ್ಲಿ ಬಿಡುಗಡೆಯಾದ. ಅವನನ್ನು ಬಿಡಿಸಲು ಓಡಾಡಿದವರಲ್ಲಿ ಮಿಯಾ ಒಬ್ಬರು. ಕ್ಷೇತ್ರದ ಜನಕ್ಕಾಗಿ ಸಂಸದೆ ಅಧ್ಯಕ್ಷರಿಗೆ ಫೋನ್ ಮಾಡುವುದು ಅವಳ ಕೆಲಸ. ಅದನ್ನೇ ಟ್ರಂಪ್ ಋಣದ ಲೆಕ್ಕಕ್ಕೆ ಬರೆದುಕೊಂಡಿದ್ದರು ಅಂತ ನವೆಂಬರ್ 7ರಂದು ಗೊತ್ತಾಯಿತು.

ಎಣಿಕೆ ಎರಡು ವಾರ ಎಳೆಯಿತು. ಒಂದು ದಿನ ಆಕೆ ಮುಂದೆ, ಇನ್ನೊಂದು ದಿನ ಎದುರಾಳಿ ಬೆನ್ ಮೆಕ್‌ಆಡಮ್ಸ್ ಮುಂದೆ. ಅಂಚೆ ಮತಗಳ ಸಹಿ ಪರಿಶೀಲನೆ ಸರಿಯಿಲ್ಲ ಅಂತ ಆಕೆಯ ಕಡೆಯವರು ಕೋರ್ಟಿಗೆ ಹೋದರು. ನ್ಯಾಯಾಧೀಶರು ಅರ್ಜಿ ತಳ್ಳಿಹಾಕಿದರು. ಎಣಿಕೆ ನಡುವೆ ಕೋರ್ಟಿಗೆ ಹೋದದ್ದು ಚಂದ ಕಾಣಲಿಲ್ಲ ಅಂತಲೇ ನನ್ನ ಅಭಿಪ್ರಾಯ. ನವೆಂಬರ್ 20ರಂದು ಅಂತಿಮ ಲೆಕ್ಕ ಬಂತು: ಮೆಕ್‌ಆಡಮ್ಸ್‌ಗೆ 1,34,964, ಮಿಯಾಗೆ 1,34,270. ಅಂತರ 694. ಮೊದಲ ಸೋಲು 768, ಕೊನೆಯ ಸೋಲು 694. ಒಂದು ಬಡಾವಣೆಯ ಜನ ಅಷ್ಟೇ.

ನವೆಂಬರ್ 26. ಸೋಲೊಪ್ಪುವ ಭಾಷಣ. ಇಂಥ ಭಾಷಣಕ್ಕೆ ಒಂದು ಅಚ್ಚು ಇದೆ: ಗೆದ್ದವರಿಗೆ ಶುಭಾಶಯ, ಕಾರ್ಯಕರ್ತರಿಗೆ ವಂದನೆ, ಮನೆಯವರಿಗೆ ಕಣ್ಣೀರು. ಮಿಯಾ ಅದನ್ನೂ ಮಾಡಿದರು. ಆಮೇಲೆ ಟ್ರಂಪ್ ಕಡೆ ತಿರುಗಿದರು. ಸ್ವಂತ ಪಕ್ಷದವಳ ಬಗ್ಗೆ ಹಾಗಂದು ಅಧ್ಯಕ್ಷರಿಗೆ ಸಿಗುವ ಲಾಭವಾದರೂ ಏನು ಅಂತ ಕೇಳಿದರು. ಇದರಿಂದ ಅವರ ಲೋಕ ಎಂಥದ್ದು ಅಂತ ನನಗೆ ಕಂಡಿತು, ಅಲ್ಲಿ ನಿಜವಾದ ಸಂಬಂಧ ಇಲ್ಲ, ಅನುಕೂಲದ ವ್ಯವಹಾರ ಮಾತ್ರ ಅಂದರು.

ಇಲ್ಲಿಗೇ ನಿಂತಿದ್ದರೆ ಅದು ಇಬ್ಬರ ಜಗಳ ಆಗಿ ಮುಗಿಯುತ್ತಿತ್ತು. ಮಿಯಾ ಮುಂದೆ ಹೋದರು. ರಾಜಕಾರಣಿಗಳು ದೂರದಲ್ಲಿ ಸುರಕ್ಷಿತವಾಗಿ ನಿಂತು ನಮಗೆ ಯಾವುದು ಒಳ್ಳೆಯದು ಅಂತ ಹೇಳುತ್ತಾರೆ, ಆದರೆ ನಮ್ಮನ್ನು ಯಾವತ್ತೂ ಮನೆಗೆ ಕರೆದುಕೊಂಡು ಹೋಗುವುದಿಲ್ಲ. ರಿಪಬ್ಲಿಕನ್ನರು ನಮ್ಮ ಜನರನ್ನು ಮನೆಯೊಳಗೆ, ಮನಸ್ಸಿನೊಳಗೆ ಬಿಟ್ಟುಕೊಳ್ಳದೆ ಇರುವುದರಿಂದಲೇ ಅವರು ಡೆಮಾಕ್ರಟರ ಜೊತೆ ಉಳಿದಿದ್ದಾರೆ, ಯಾಕೆಂದರೆ ಆ ಕಡೆಯವರು ಮನೆಗೆ ಕರೆಯುತ್ತಾರೆ, ಕನಿಷ್ಠ ಒಂದು ಮನೆ ಇದೆ ಅನ್ನಿಸುವಂತಾದರೂ ಮಾಡುತ್ತಾರೆ. ಇದು ಆಕೆಯ ಮಾತಿನ ಸಾರ.

ಕನ್ನಡದ ಕಿವಿಗೆ ಇದು ಅರ್ಥವಾಗಲು ಟಿಪ್ಪಣಿ ಬೇಕಿಲ್ಲ. ಜಗಲಿ ಮೇಲೆ ಕೂರಿಸಿ, ಕುಡಿಯಲು ನೀರು ಕೊಟ್ಟು, ಯೋಗಕ್ಷೇಮ ಕೇಳಿ, ಅಲ್ಲಿಂದಲೇ ಕಳಿಸುವುದು ಏನು ಅಂತ ನಮಗೆ ಚೆನ್ನಾಗಿ ಗೊತ್ತು. ಮಾತಿನಲ್ಲಿ ಒಂದಿಷ್ಟೂ ಕೊರತೆ ಇರುವುದಿಲ್ಲ. ಒಳಗೆ ಮಾತ್ರ ಕರೆಯುವುದಿಲ್ಲ. ಇಲ್ಲೇ ನೋಡಿ, 2012ರ ಬೈಗುಳ ತಲೆಕೆಳಗಾಯಿತು. ಆ ಕಡೆಯ ಯಾವನೋ ಅಂದಿದ್ದು, ಇವಳು ಧಣಿಯ ಮನೆಯೊಳಗಿನವಳು ಅಂತ. ಆರು ವರ್ಷ ಈ ಕಡೆ ಬಾಳಿದ ಮೇಲೆ ಆಕೆ ಹೇಳಿದ್ದು, ಮನೆಯೊಳಗೆ ನಮ್ಮನ್ನು ಬಿಟ್ಟುಕೊಂಡೇ ಇಲ್ಲವಲ್ಲ ಅಂತ.

ಆ ಭಾಷಣದಲ್ಲಿ ಆಕೆ ಕನ್ಸರ್ವೇಟಿವ್ ನಂಬಿಕೆ ಬಿಟ್ಟುಕೊಡಲಿಲ್ಲ ಅನ್ನುವುದು ಎಲ್ಲಕ್ಕಿಂತ ಮುಖ್ಯ. ಸಣ್ಣ ಸರ್ಕಾರ, ಸ್ವಂತ ಕಾಲಿನ ಮೇಲೆ ನಿಲ್ಲುವುದು, ಇದೇ ನನ್ನ ಜನರಿಗೂ ಒಳ್ಳೆಯದು ಅಂತಲೇ ಹೇಳಿದರು. ಎದುರು ಪಕ್ಷದವರು, ನೋಡಿದೆಯಾ, ನಾವು ಮೊದಲೇ ಹೇಳಿರಲಿಲ್ಲವಾ ಅಂದರು. ಸ್ವಪಕ್ಷದ ಕೆಲವರು, ಸೋತವಳ ಗೋಳು ಅಂದರು. ಆಕೆ ಹೇಳಿದ್ದು ಇವೆರಡೂ ಅಲ್ಲ. ವಿಚಾರ ಸರಿ, ಅದನ್ನು ಹಿಡಿದುಕೊಂಡಿರುವ ಜನರ ನಡತೆ ಸರಿಯಿಲ್ಲ ಅನ್ನುವ ಮಾತು ಅದು. ಈ ಮಾತಿಗೆ ಎರಡೂ ಪಾಳೆಯದಲ್ಲಿ ಖರೀದಿದಾರರಿಲ್ಲ. ಹಾಗಾಗಿ ಅದನ್ನು ಬೇರೆಯವರು ಆಕೆಯ ಪರವಾಗಿ ಹೇಳುವುದು ಸಾಧ್ಯವೇ ಇಲ್ಲ. ನಾನು ಕೇಳಿಕೊಂಡ ಪ್ರಶ್ನೆಗೆ ನನಗೆ ಸಿಕ್ಕ ಉತ್ತರ ಇಷ್ಟೇ.

ಕೊನೆಯಲ್ಲಿ ಆಕೆ ಅಂದದ್ದು: ನಾನೆಲ್ಲೂ ಹೋಗುವುದಿಲ್ಲ, ಈಗ ನನ್ನ ಹಗ್ಗ ಬಿಚ್ಚಿದೆ, ಸಂಕೋಲೆ ಕಳಚಿದೆ, ಮನಸ್ಸಿನಲ್ಲಿರುವುದನ್ನು ಇದ್ದ ಹಾಗೆ ಹೇಳಬಲ್ಲೆ. ಸಂಕೋಲೆ ಅನ್ನುವ ಪದವನ್ನು ಕಪ್ಪು ಅಮೆರಿಕನ್ನರು ಸುಮ್ನೆ ಬಳಸುವುದಿಲ್ಲ. ಆದರೆ ಒಂದು ಕಸಿವಿಸಿ ನನಗೆ ಉಳಿದೇ ಇದೆ. ನಾಲ್ಕು ವರ್ಷ ಅಧಿಕಾರದಲ್ಲಿದ್ದಾಗ ಈ ಮಾತು ಎಲ್ಲಿತ್ತು? ಸೀಟು ಉಳಿದಿದ್ದರೆ ಬರುತ್ತಿತ್ತಾ? 694 ಮತ ಆ ಕಡೆಗೆ ಬದಲು ಈ ಕಡೆಗೆ ಬಿದ್ದಿದ್ದರೆ ಆ ಭಾಷಣ ಇರುತ್ತಿರಲಿಲ್ಲ, ಅಲ್ವಾ?

ಸ್ವಂತ ಮಾತು ಹೇಳಿದ ಮಾತ್ರಕ್ಕೆ ಅದು ಸ್ವಂತದ್ದಾಗಿ ಉಳಿಯುತ್ತದೆ ಅಂತಲೂ ಇಲ್ಲ. ಇದಕ್ಕೆ ಇನ್ನೊಂದು ಹಳೆಯ ಉದಾಹರಣೆ ಇದೆ. ಜೋರಾ ನೀಲ್ ಹರ್ಸ್ಟನ್, ದೊಡ್ಡ ಕಾದಂಬರಿಗಾರ್ತಿ. ಫ್ಲಾರಿಡಾದ ಈಟನ್‌ವಿಲ್ ಅನ್ನುವ, ಕಪ್ಪು ಜನರೇ ಕಟ್ಟಿ ಆಳಿದ ಊರಲ್ಲಿ ಬೆಳೆದವರು. 1954ರಲ್ಲಿ ಸುಪ್ರೀಂ ಕೋರ್ಟು ಕಪ್ಪು ಮಕ್ಕಳಿಗೆ ಬಿಳಿ ಮಕ್ಕಳಿಗೆ ಬೇರೆ ಬೇರೆ ಶಾಲೆ ಕೂಡದು ಅಂತ ತೀರ್ಪು ಕೊಟ್ಟಿತು. ಕಪ್ಪು ಜನ ಸಂಭ್ರಮಿಸುತ್ತಿದ್ದಾಗ ಹರ್ಸ್ಟನ್ ಒಂದು ಪತ್ರ ಬರೆದರು, 1955ರ ಆಗಸ್ಟ್‌ನಲ್ಲಿ ಒರ್ಲ್ಯಾಂಡೊ ಸೆಂಟಿನಲ್ ಪತ್ರಿಕೆಯಲ್ಲಿ ಅಚ್ಚಾಯಿತು. ನನ್ನ ಪಕ್ಕ ಕೂರಲು ಇಷ್ಟವಿಲ್ಲದವನನ್ನು ಕೋರ್ಟು ಆದೇಶ ಕೊಟ್ಟು ಕೂರಿಸಿದರೆ ನನಗೇನು ಸುಖ, ನಮ್ಮ ಶಾಲೆ ನಮ್ಮ ಮೇಷ್ಟ್ರು ಕೀಳು ಅಂತ ಒಪ್ಪಿಕೊಂಡಂತೆ ಆಗಲಿಲ್ಲವಾ ಅನ್ನುವುದು ಅವರ ವಾದ. ಬಡ ಶಾಲೆಗೆ ದುಡ್ಡು ಕೊಡದ ಸರ್ಕಾರಗಳ ಅನ್ಯಾಯವನ್ನು ಆ ಪತ್ರ ಹಗುರ ಮಾಡಿತು, ಅಲ್ಲಿ ಅವರು ತಪ್ಪಿದರು. ಆದರೆ ಮೇಷ್ಟ್ರ ವಿಷಯದಲ್ಲಿ ಅವರ ಭಯ ಸುಳ್ಳಾಗಲಿಲ್ಲ. ಮುಂದಿನ ಹತ್ತು ಹನ್ನೊಂದು ವರ್ಷಗಳಲ್ಲಿ ದಕ್ಷಿಣದ ಮತ್ತು ಗಡಿಯ 17 ರಾಜ್ಯಗಳಲ್ಲಿ ಸುಮಾರು 38 ಸಾವಿರ ಕಪ್ಪು ಶಿಕ್ಷಕರು, ಮುಖ್ಯೋಪಾಧ್ಯಾಯರು ಕೆಲಸ ಕಳೆದುಕೊಂಡರು.

ಪತ್ರದ ಗತಿ ಏನಾಯಿತು? ಶಾಲೆ ಬೇರೆ ಬೇರೆಯೇ ಇರಲಿ ಅನ್ನುವ ಬಿಳಿಯರು ಅದನ್ನು ಎತ್ತಿಕೊಂಡು ದಕ್ಷಿಣದ ತುಂಬ ಮರುಮುದ್ರಿಸಿದರು. ತನ್ನ ಜನರ ಅಭಿಮಾನಕ್ಕಾಗಿ ಬರೆದದ್ದು ಆ ಜನರನ್ನು ಹೊರಗಿಡುವವರ ಕೈಗೆ ಸಿಕ್ಕಿತು. 1960ರಲ್ಲಿ ಹರ್ಸ್ಟನ್ ಕೌಂಟಿ ಆಡಳಿತದ ಬಡವರ ಆಶ್ರಯಧಾಮವೊಂದರಲ್ಲಿ ತೀರಿಕೊಂಡಾಗ, ಅವರ ಕಾಗದಪತ್ರಗಳನ್ನು ಕಸದ ಜೊತೆ ಸುಡಲು ಬೆಂಕಿ ಹಾಕಿದ್ದರು. ಆ ದಾರಿಯಲ್ಲಿ ಬಂದ, ಅವರ ಪರಿಚಯವಿದ್ದ ಒಬ್ಬ ಪೊಲೀಸ್ ಅಧಿಕಾರಿ ಬೆಂಕಿ ಆರಿಸಿ ಉಳಿದದ್ದನ್ನು ಎತ್ತಿಟ್ಟರು. ಅಂಚು ಸುಟ್ಟ ಆ ಹಾಳೆಗಳು ಈಗ ಫ್ಲಾರಿಡಾ ವಿಶ್ವವಿದ್ಯಾಲಯದಲ್ಲಿವೆ.

ಮಿಯಾ ಕಾಲಕ್ಕೆ ಪರಿಸ್ಥಿತಿ ಅಷ್ಟು ಕೆಟ್ಟದಾಗಿರಲಿಲ್ಲ. ಸೋತ ಮೇಲೆ ಟಿವಿಯಲ್ಲಿ ವಿಶ್ಲೇಷಣೆ ಮಾಡಿದರು, ಪಾಠ ಹೇಳಿದರು, 2023ರಲ್ಲಿ ತನ್ನ ಕಥೆಯನ್ನು ಪುಸ್ತಕ ಮಾಡಿದರು. ಅವರ ಹಳೆಯ ಕ್ಷೇತ್ರವನ್ನು 2020ರಲ್ಲಿ ಮೆಕ್‌ಆಡಮ್ಸ್ ಕೈಯಿಂದ ಕಸಿದುಕೊಂಡದ್ದು ಬರ್ಜೆಸ್ ಓವೆನ್ಸ್, ಅವರೂ ಕಪ್ಪು ರಿಪಬ್ಲಿಕನ್. ಕಪ್ಪು ಮಹಿಳೆ ಮಾತ್ರ, ಮಿಯಾ ಬದುಕಿರುವ ತನಕ, ಆ ಪಕ್ಷದಿಂದ ಸಂಸತ್ತಿಗೆ ಎರಡನೆಯವರು ಬರಲಿಲ್ಲ.

2022ರಲ್ಲಿ ಮಿದುಳಿನ ಕ್ಯಾನ್ಸರ್ ಪತ್ತೆಯಾಯಿತು. ಗ್ಲಿಯೊಬ್ಲಾಸ್ಟೊಮಾ, ತುಂಬ ಕೆಟ್ಟ ಜಾತಿಯದು. ವೈದ್ಯರು ಕೊಟ್ಟ ಗಡುವಿಗಿಂತ ಜಾಸ್ತಿ ದಿನ ಬದುಕಿದರು. 2025ರ ಮಾರ್ಚ್ ಹೊತ್ತಿಗೆ ಔಷಧಿ ಹಿಡಿಯುವುದು ನಿಂತಿತು. ಮಾರ್ಚ್ 11ರಂದು ಸಾಲ್ಟ್ ಲೇಕ್ ಸಿಟಿಯ ಡೆಸರೆಟ್ ನ್ಯೂಸ್ ಪತ್ರಿಕೆಯಲ್ಲಿ ಆಕೆಯ ಕೊನೆಯ ಬರಹ ಬಂತು. ತನಗೆ ಗೊತ್ತಿರುವ ಅಮೆರಿಕದ ಬಗ್ಗೆ, ತನ್ನ ಅಪ್ಪ ಅಮ್ಮನ ಬಗ್ಗೆ ಬರೆದಿದ್ದರು. ಈ ದೇಶದ ಲೆಕ್ಕವನ್ನು ಕೆಲವರು ಮರೆತಿದ್ದಾರೆ, ಭಾಗಿಸಿದಷ್ಟೂ ಕಡಿಮೆಯಾಗುತ್ತೇವೆ ಅಂತ ಒಂದು ಸಾಲು ಅದರಲ್ಲಿದೆ. ಟ್ರಂಪ್ ಅಷ್ಟರಲ್ಲಿ ಎರಡನೇ ಸಲ ಅಧ್ಯಕ್ಷರಾಗಿದ್ದರು.

ಹನ್ನೆರಡು ದಿನದ ನಂತರ, ಮಾರ್ಚ್ 23ರಂದು, ಅದೇ ಸಾರಟೋಗಾ ಸ್ಪ್ರಿಂಗ್ಸ್‌ನಲ್ಲಿ, ನುಸಿಗಾಗಿ ಮೊದಲ ಸಲ ದನಿ ಎತ್ತಿದ ಊರಲ್ಲಿ, ಮನೆಯವರ ನಡುವೆ ತೀರಿಕೊಂಡರು. ನಲವತ್ತೊಂಬತ್ತು ವರ್ಷವಾಗಿತ್ತು.